ಕಾರಿಗೆ ಬ್ಯಾಂಕ್ ಸಾಲವೋ, ಶೋರೂಮ್ ಫೈನಾನ್ಸೋ, ಲೀಸೋ? ದಯವಿಟ್ಟು ತಿಳಿಸಿ

ಗಂಗಾವತಿ ಟೀಚರ್:
ಆನ್‌ರೋಡ್ 10 ಲಕ್ಷದ ಕಾರು ನೋಡಿದ್ದೇವೆ. ಕೈಯಲ್ಲಿ 2 ಲಕ್ಷ ಇದೆ, ಇನ್ನು 8 ಲಕ್ಷ ಬೇಕು. ಬ್ಯಾಂಕಿನಲ್ಲಿ 9.5% ಬಡ್ಡಿ ಹೇಳಿದರು. ಶೋರೂಮಿನಲ್ಲಿ ಕೂರುವ ಫೈನಾನ್ಸಿನವರು "5.5% ಫ್ಲ್ಯಾಟ್ ಮೇಡಂ, ಇವತ್ತೇ ಪಾಸ್ ಮಾಡಿಸ್ತೀನಿ" ಅಂತಾರೆ. ತೋರಣಗಲ್ಲಿನಲ್ಲಿ ಕೆಲಸ ಮಾಡುವ ನನ್ನ ತಮ್ಮ "ಸಾಲ ಯಾಕಕ್ಕ, ಲೀಸ್ ತಗೊ" ಅಂತಾನೆ. ನನಗೆ ಸಂಬಳ ಬರುತ್ತೆ. ಯಜಮಾನರು ನಾಲ್ಕು ಎಕರೆ ಭತ್ತ ಮಾಡುತ್ತಾರೆ. ಯಾವುದು ಸರಿ?

ಸಿಂಧನೂರು ಲೆಕ್ಕಿಗ:
ಮೇಡಂ, ಫ್ಲ್ಯಾಟ್ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ಪೆನ್ನು ತಗೊಳ್ಳಿ. 8 ಲಕ್ಷಕ್ಕೆ ವರ್ಷಕ್ಕೆ 44 ಸಾವಿರ ಬಡ್ಡಿ, ಐದು ವರ್ಷಕ್ಕೆ 2.20 ಲಕ್ಷ. ಒಟ್ಟು 10.20 ಲಕ್ಷವನ್ನು 60 ಕಂತಿಗೆ ಹಂಚಿದರೆ ತಿಂಗಳಿಗೆ 17,000. ಬ್ಯಾಂಕಿನ 9.5%ಗೆ ಕಂತು ಎಷ್ಟು ಗೊತ್ತಾ? ಸುಮಾರು 16,800. ಅಂದ್ರೆ ಐದೂವರೆ ಅಂತ ಹೇಳಿದ್ದೇ ಜಾಸ್ತಿ! ಬ್ಯಾಂಕಿನಲ್ಲಿ ಅಸಲು ತೀರಿದಷ್ಟೂ ಬಡ್ಡಿ ಇಳಿಯುತ್ತೆ. ಫ್ಲ್ಯಾಟ್‌ನಲ್ಲಿ ಕೊನೇ ತಿಂಗಳವರೆಗೂ ಪೂರ್ತಿ 8 ಲಕ್ಷಕ್ಕೇ ಬಡ್ಡಿ ಹಿಡಿದಿರುತ್ತಾರೆ. ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಅದು ಹತ್ತಿರ ಹತ್ತಿರ 10%.

ಕಾರಟಗಿ ಭತ್ತ:
ಲೆಕ್ಕ ಒಪ್ಪಿದೆ ಅಣ್ಣ. ಆದರೆ ಐದು ವರ್ಷ ಬೇಡ, ಏಳು ವರ್ಷಕ್ಕೆ ಹಾಕಿಸಲಿ ಅಂತೀನಿ. ಕಂತು 13,075ಕ್ಕೆ ಇಳಿಯುತ್ತೆ. 2024ರ ಆಗಸ್ಟ್‌ನಲ್ಲಿ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನಾವು ಆಗಷ್ಟೇ ನಾಟಿ ಮುಗಿಸಿದ್ದೆವು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ತಡೆ ಕೂರಿಸಿ ನೀರು ನಿಲ್ಲಿಸುವವರೆಗೆ, ಆ ಒಂದು ವಾರ, ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೆಳೆ ಉಳೀತು. ಆದರೆ ಆ ತಿಂಗಳೂ ಕಂತು ಕಟ್ ಆಗೇ ಆಯ್ತು. ಕಾಲುವೆ ಕೆಳಗೆ ಬದುಕುವವರಿಗೆ ಸ್ವಲ್ಪ ಉಸಿರಾಡೋ ಜಾಗ ಬೇಕು.

ಸಿಂಧನೂರು ಲೆಕ್ಕಿಗ:
ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ, ನಮ್ಮದೂ ಅದೇ ಕಾಲುವೆ. ಆದರೆ ಏಳು ವರ್ಷಕ್ಕೆ ಬಡ್ಡಿ 2.98 ಲಕ್ಷ ಆಗುತ್ತೆ, ಐದಕ್ಕೆ 2.08 ಲಕ್ಷ. 90 ಸಾವಿರ ಸುಮ್ನೆ ಹೋಗುತ್ತೆ ಅಲ್ವಾ? ಭತ್ತದ ದುಡ್ಡಿನ ಮೇಲೆ ಕಂತು ನಿಲ್ಲಿಸಬೇಡಿ, ಸಂಬಳದ ಮೇಲೆ ನಿಲ್ಲಿಸಿ. ಅದಕ್ಕೆ ಆಗಲ್ಲ ಅಂದ್ರೆ ಇನ್ನೂ ಸಣ್ಣ ಕಾರು ನೋಡಿ.

ಕಾರಟಗಿ ಭತ್ತ:
ಸುಗ್ಗಿ ಚೆನ್ನಾಗಿ ಆದ ವರ್ಷ ಒಂದು ಲಕ್ಷ ಮುಂಗಡ ಕಟ್ಟಿದರೆ ಏಳು ವರ್ಷದ್ದು ಬೇಗ ಮುಗಿಯುತ್ತಲ್ಲ ಅಣ್ಣ. ಅದಕ್ಕೆ ಶುಲ್ಕ ಇದೆಯಾ ಅಂತ ಸಹಿ ಹಾಕೋ ಮುಂಚೆ ಕೇಳಬೇಕು, ಅಷ್ಟೇ.

ತೋರಣಗಲ್ಲು ಶಿಫ್ಟ್:
ಲೀಸ್ ಬಗ್ಗೆ ನಾನು ಹೇಳ್ತೀನಿ, ನನ್ನದೇ ಲೀಸ್ ಕಾರು. ಕಂಪನಿಯವರೇ ಬಾಡಿಗೆಯನ್ನು ಸಂಬಳದಲ್ಲಿ ಹಿಡಿಯುತ್ತಾರೆ. ಇನ್ಶೂರೆನ್ಸ್, ಸರ್ವಿಸ್ ಅದರೊಳಗೇ ಬರುತ್ತೆ. ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ ಒಳ್ಳೇದು. ಆದರೆ ಆರ್‌ಸಿಯಲ್ಲಿ ಲೀಸ್ ಕಂಪನಿಯ ಹೆಸರಿರುತ್ತೆ, ನನ್ನದಲ್ಲ. ನನ್ನ ಜೊತೆಗಿದ್ದ ಒಬ್ಬರು ಎರಡನೇ ವರ್ಷಕ್ಕೇ ಕೆಲಸ ಬಿಟ್ಟರು. ಕಾರು ವಾಪಸ್ ಕೊಟ್ಟು, ಮೇಲೆ ದಂಡವನ್ನೂ ಕಟ್ಟಿದರು. ಅಕ್ಕಾ, ನಿಮ್ಮ ಕಡೆ ಆ ಸೌಲಭ್ಯ ಇಲ್ಲದಿದ್ದರೆ ಲೀಸ್ ಬಿಟ್ಟುಬಿಡಿ. ಹತ್ತು ವರ್ಷ ಓಡಿಸುವವರಿಗೆ ಸಾಲವೇ ಸರಿ.

ಬಳ್ಳಾರಿ ಟ್ಯಾಕ್ಸಿ:
ಎಲ್ಲರೂ ಸಾಲ ತಗೊಳ್ಳೋದನ್ನೇ ಹೇಳ್ತಿದ್ದೀರಿ, ತೀರಿಸಿದ ಮೇಲಿನದು ನಾನು ಹೇಳ್ತೀನಿ. ಕೊನೇ ಕಂತು ಕಟ್ಟಿ ನಾನು ಸುಮ್ನೆ ಇದ್ದೆ. ಎರಡು ವರ್ಷ ಬಿಟ್ಟು ಮಾರೋಕೆ ಹೋದಾಗ ಗಿರಾಕಿ ಆರ್‌ಸಿ ಕಾರ್ಡ್ ತಿರುಗಿಸಿ ತೋರಿಸಿದ. ಅದರಲ್ಲಿ ಸಾಲ ಕೊಟ್ಟವರ ಹೆಸರು ಹಾಗೇ ಇತ್ತು! ಎನ್‌ಒಸಿ (ಸಾಲ ತೀರಿದೆ ಅಂತ ಅವರು ಕೊಡೋ ಪತ್ರ) ಮತ್ತೆ ತಂದು, ಫಾರಂ 35 ಕೊಟ್ಟು, ಆರ್‌ಟಿಒದಲ್ಲಿ ಎಚ್‌ಪಿ, ಅಂದ್ರೆ ಆರ್‌ಸಿಯಲ್ಲಿನ ಆ ಸಾಲದ ನಮೂದು, ತೆಗೆಸೋ ಹೊತ್ತಿಗೆ ಆ ಗಿರಾಕಿ ಬೇರೆ ಗಾಡಿ ತಗೊಂಡಿದ್ದ. ಮೇಡಂ, ಸಾಲ ತೀರಿದ ವಾರವೇ ಇದನ್ನು ಮಾಡಿಸಿ.

ಸಿಂಧನೂರು ಲೆಕ್ಕಿಗ:
ಇನ್ನೊಂದು ಮಾತು. 2024ರ ಅಕ್ಟೋಬರ್ 1ರಿಂದ ಹೊಸ ಸಾಲಕ್ಕೆ ಕೆಎಫ್‌ಎಸ್ (ಸಾಲದ ಮುಖ್ಯ ವಿವರಗಳ ಪಟ್ಟಿ) ಅನ್ನೋ ಹಾಳೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅದರಲ್ಲಿ ಎಪಿಆರ್ ಅಂತ ಇರುತ್ತೆ, ಬಡ್ಡಿಯ ಜೊತೆ ಪ್ರೊಸೆಸಿಂಗ್ ಶುಲ್ಕವನ್ನೂ ಸೇರಿಸಿದ ದರ. ಇಬ್ಬರ ಹತ್ತಿರವೂ ಆ ಹಾಳೆ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಗಂಗಾವತಿ ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶೋರೂಮಿಗೆ ಫೋನ್ ಮಾಡಿ ಎಪಿಆರ್ ಎಷ್ಟು ಅಂತ ಕೇಳಿದೆ. "ಬನ್ನಿ ಮೇಡಂ, ಕೂತು ಮಾತಾಡೋಣ" ಅಂದರು. ಬ್ಯಾಂಕಿನವರು ಹಾಳೆ ಕೊಟ್ಟಿದ್ದಾರೆ. ಯಜಮಾನರಿಗೆ ಏಳು ವರ್ಷದ್ದೇ ಬೇಕಂತೆ, ನನಗೆ ಐದು. ಮುಂಗಡ ಕಟ್ಟಿದರೆ ಶುಲ್ಕ ಎಷ್ಟು ಅಂತ ಸೋಮವಾರ ಕೇಳಿಕೊಂಡು ಬಂದು ಇಲ್ಲೇ ಬರೀತೀನಿ.