ಜೇಬುಗಡಿಯಾರದಲ್ಲಿ ‘14ಕೆ, 20 ಇಯರ್ಸ್’ ಅಂತಿದೆ, ಅಪ್ಪಟ ಚಿನ್ನವಾ?

ಪ್ರಶ್ನೆ:
ಫಿಲಡೆಲ್ಫಿಯಾ ಹತ್ತಿರ ಇದ್ದೇನೆ. ಹಳೇ ಮನೆಯೊಂದರ ಸಾಮಾನು ಮಾರಾಟದಲ್ಲಿ ಅಮೆರಿಕದ ವಾಲ್ತಮ್ ಕಂಪನಿಯ ಗಡಿಯಾರ ತಗೊಂಡೆ. ಹಿಂದಿನ ಮುಚ್ಚಳದೊಳಗೆ ‘ಜೆ. ಬಾಸ್’, ‘14ಕೆ’, ‘ವಾರಂಟೆಡ್ 20 ಇಯರ್ಸ್’, ಕೆಳಗೊಂದು ನಂಬರ್. ಅದರಿಂದ ವರ್ಷ ಗೊತ್ತಾಗುತ್ತಾ?

ಉತ್ತರ 1:
ಅಪ್ಪಟ ಚಿನ್ನ ಅಲ್ಲ ಮೇಡಂ. ಆ ‘20 ಇಯರ್ಸ್’ ಅನ್ನೋದೇ ಸುಳಿವು. ಪೂರ್ತಿ ಚಿನ್ನವಾದರೆ ಎಷ್ಟು ಸವೆದರೂ ಒಳಗೂ ಚಿನ್ನವೇ, ವರ್ಷದ ಗ್ಯಾರಂಟಿ ಯಾಕೆ ಬೇಕು, ಅಲ್ವಾ? ಇದು ಗೋಲ್ಡ್ ಫಿಲ್ಡ್. ಅಗ್ಗದ ಲೋಹದ ತಗಡಿಗೆ ಎರಡೂ ಬದಿ ಚಿನ್ನದ ಹಾಳೆ ಬೆಸೆದು ರೋಲರ್‌ನಲ್ಲಿ ಒತ್ತುತ್ತಿದ್ದರು. ಜೇಮ್ಸ್ ಬಾಸ್ 1859ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮುಂದೆ ಆ ಹೆಸರು ನಿಮ್ಮ ಫಿಲಡೆಲ್ಫಿಯಾದ, ಗಡಿಯಾರದ ಕೇಸ್ ಮಾಡುತ್ತಿದ್ದ ಕೀಸ್ಟೋನ್ ಕಂಪನಿಗೆ ಬಂತು. 14ಕೆ ಅನ್ನೋದು ಮೇಲಿನ ಪದರಕ್ಕೆ ಮಾತ್ರ.

ಮುಚ್ಚಳದ ನಂಬರ್ ಕೇಸಿನದು, ಅಂದರೆ ಹೊರಕವಚದ್ದು. ವರ್ಷ ಬೇಕಾದರೆ ಒಳಗಿನ ಯಂತ್ರದ ಮೇಲಿರುವ ವಾಲ್ತಮ್ ನಂಬರ್ ನೋಡಿ. ಆಗ ಕೇಸ್ ಒಬ್ಬರದು, ಯಂತ್ರ ಇನ್ನೊಬ್ಬರದು, ಅಂಗಡಿಯಲ್ಲಿ ಜೋಡಿಸಿ ಕೊಡುತ್ತಿದ್ದರು. ಚಿನ್ನ ಪರೀಕ್ಷಿಸೋಕೆ ಅಂತ ದಯವಿಟ್ಟು ಆಸಿಡ್ ಹಾಕಿಸಬೇಡಿ, ಸುಮ್ನೆ ಕಲೆಯಾಗುತ್ತದೆ.

ಉತ್ತರ 2:
ಹಳೇ ಸ್ವಿಸ್ ಕೇಸ್ ಸಿಕ್ಕರೆ ಚಿತ್ರ ಹುಡುಕಿ. ಅಳಿಲು ಇದ್ದರೆ 14 ಕ್ಯಾರಟ್, ಹೆಲ್ವೇಷಿಯಾ (ಸ್ವಿಟ್ಜರ್ಲೆಂಡ್ ದೇಶದ ಸಂಕೇತವಾದ ಹೆಣ್ಣು) ತಲೆ ಇದ್ದರೆ 18. ಅವು ಸರ್ಕಾರಿ ಮುದ್ರೆ, ನಂಬಬಹುದು.

ಪ್ರಶ್ನೆ ಕೇಳಿದವರು:
ಲೆನ್ಸ್ ಹಿಡಿದು ನೋಡಿದೆ ಸರ್. ಸರಪಳಿ ಸಿಕ್ಕಿಸುವ ಮೇಲಿನ ಬಳೆ ಉಜ್ಜುವ ಕಡೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಹಿತ್ತಾಳೆ ಬಣ್ಣ ಕಾಣುತ್ತಿದೆ. ಆದರೂ ಮಾರಲ್ಲ, ಕೀಲಿ ಕೊಟ್ಟರೆ ಚೆನ್ನಾಗಿ ಓಡುತ್ತಿದೆ.