ಸಣ್ಣ ಜಿರಲೆಯ ವೈಜ್ಞಾನಿಕ ಹೆಸರಿನ ಮುಂದೆ ಆವರಣ ಏಕೆ?

ಪ್ರಶ್ನೆ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕೀಟಪೆಟ್ಟಿಗೆಗಳಿಗೆ ಹೊಸ ಚೀಟಿಗಳನ್ನು ಬರೆಯುತ್ತಿದ್ದೇನೆ. ಅಡುಗೆಮನೆಯಲ್ಲಿ ಸಿಗುವ ಸಣ್ಣ ಕಂದು ಜಿರಲೆಯ ಹಳೆಯ ಚೀಟಿಯಲ್ಲಿ ‘ಫಿಲ್ಲೋಡ್ರೋಮಿಯಾ ಜರ್ಮನಿಕಾ’ ಎಂದಿದೆ. ಈಗಿನ ಪುಸ್ತಕಗಳಲ್ಲಿ ‘ಬ್ಲಾಟೆಲ್ಲಾ ಜರ್ಮನಿಕಾ (ಲಿನಿಯಸ್, 1767)’ ಎಂದಿದೆ. ಆದರೆ ಪಕ್ಕದ ಪೆಟ್ಟಿಗೆಯ ‘ಬ್ಲಾಟಾ ಓರಿಯೆಂಟಾಲಿಸ್ ಲಿನಿಯಸ್, 1758’ ಎಂಬ ಹೆಸರಿಗೆ ಆವರಣವಿಲ್ಲ. ಮೊದಲಿನ ಎರಡೂ ಒಂದೇ ಕೀಟದ ಹೆಸರುಗಳೇ? ಆವರಣವನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆಯೇ?

ಉತ್ತರ 1

ಎರಡೂ ಒಂದೇ ಕೀಟದ ಹೆಸರುಗಳು. ಆವರಣವನ್ನು ದಯವಿಟ್ಟು ಬಿಡಬೇಡಿ. ಈ ಹೆಸರು ನಡೆದು ಬಂದ ದಾರಿಯನ್ನು ಚೀಟಿಯಲ್ಲಿ ತಿಳಿಸುವುದು ಅದೊಂದೇ.

ಲಿನಿಯಸ್ ತನ್ನ ‘ಸಿಸ್ಟಮಾ ನ್ಯಾಚುರೇ’ ಗ್ರಂಥದ ಹನ್ನೆರಡನೆಯ ಆವೃತ್ತಿಯಲ್ಲಿ ಈ ಜಿರಲೆಗೆ ‘ಬ್ಲಾಟಾ ಜರ್ಮನಿಕಾ’ ಎಂದು ಹೆಸರಿಟ್ಟನು. ಆ ಆವೃತ್ತಿಯ ಮೊದಲ ಸಂಪುಟ ಎರಡು ಭಾಗಗಳಾಗಿ ಬಂದಿದ್ದು, ಕೀಟಗಳಿರುವ ಭಾಗ ಅಚ್ಚಾದದ್ದು 1767ರಲ್ಲಿ. ಆದ್ದರಿಂದ 1766 ಎಂದು ಬರೆಯಬಾರದು. ಆಗ ಜಿರಲೆಗಳೆಲ್ಲವೂ ಬ್ಲಾಟಾ ಎಂಬ ಒಂದೇ ಕುಲದಲ್ಲಿದ್ದವು. ಮುಂದೆ ಆ ಕುಲವನ್ನು ಒಡೆದಾಗ ನಮ್ಮ ಸಣ್ಣ ಜಿರಲೆ ಹಲವು ಕುಲಗಳನ್ನು ಸುತ್ತಿತು. ಫಿಲ್ಲೋಡ್ರೋಮಿಯಾ ಎಂಬುದು ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಹೆಸರು. ಕೊನೆಗೆ 1903ರಲ್ಲಿ ಅಮೆರಿಕದ ಕೀಟಶಾಸ್ತ್ರಜ್ಞ ಕಾಡೆಲ್ ಅವರು ‘ಚಿಕ್ಕ ಬ್ಲಾಟಾ’ ಎಂಬ ಅರ್ಥದ ಬ್ಲಾಟೆಲ್ಲಾ ಕುಲವನ್ನು ಸ್ಥಾಪಿಸಿದರು. ಹೀಗೆ ಮೊದಲು ಹೆಸರಿಟ್ಟ ಕುಲದಿಂದ ಪ್ರಭೇದವೊಂದು ಬೇರೆ ಕುಲಕ್ಕೆ ಹೋದಾಗ ಹೆಸರಿಟ್ಟವರನ್ನೂ ವರ್ಷವನ್ನೂ ಆವರಣದೊಳಗೆ ಬರೆಯಬೇಕೆಂಬುದು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಿಯಮ. ಓರಿಯೆಂಟಾಲಿಸ್ ಇಂದಿಗೂ ಬ್ಲಾಟಾದಲ್ಲೇ ಉಳಿದಿರುವುದರಿಂದ ಅದಕ್ಕೆ ಆವರಣ ಬೇಡ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಭೂತಗನ್ನಡಿಯಲ್ಲಿ ನೋಡಿದೆ: ತಲೆಯ ಹಿಂದಿನ ಫಲಕದ ಮೇಲೆ ಎರಡು ಕಪ್ಪು ಗೆರೆಗಳು ಅಕ್ಕಪಕ್ಕದಲ್ಲಿ ಸ್ಪಷ್ಟವಾಗಿವೆ, ಒಂದು ಹೆಣ್ಣಿನ ಹಿಂತುದಿಗೆ ಮೊಟ್ಟೆಚೀಲವೂ ಅಂಟಿಕೊಂಡಿದೆ. ಇನ್ನೊಂದು ಸಂದೇಹವಿದೆ. ಈ ಜಿರಲೆ ಮೂಲದಲ್ಲಿ ನಮ್ಮ ಕಡೆಯದೇ ಎಂದು ಈಚೆಗೆ ಓದಿದೆ. ಹಾಗಿದ್ದರೆ ‘ಜರ್ಮನಿಕಾ’ ಎಂಬುದನ್ನು ತಿದ್ದಬೇಕಲ್ಲವೇ?

ಉತ್ತರ 2

ತಿದ್ದುವಂತಿಲ್ಲ. ನೀವು ಓದಿದ್ದು 2024ರಲ್ಲಿ ಪ್ರಕಟವಾದ ಸಂಶೋಧನೆಯಿರಬೇಕು. 17 ದೇಶಗಳಿಂದ ತಂದ 281 ಜಿರಲೆಗಳ ಡಿಎನ್‌ಎ ಹೋಲಿಸಿದ ಆ ತಂಡ, ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದಲ್ಲಿ, ಹೊಲಗದ್ದೆಗಳಲ್ಲಿ ಬದುಕುವ ಬ್ಲಾಟೆಲ್ಲಾ ಅಸಹಿನೈ ಎಂಬ ಜಿರಲೆಯಿಂದ ಇದು ಕವಲೊಡೆಯಿತೆಂದು ತೋರಿಸಿತು. ಆದರೆ ಹೆಸರಿನ ಅರ್ಥ ಹೊಂದುವುದಿಲ್ಲ ಎಂಬ ಕಾರಣಕ್ಕೆ ಸಿಂಧುವಾದ ಹೆಸರನ್ನು ತಳ್ಳಿಹಾಕಲು ಸಂಹಿತೆ ಅವಕಾಶ ಕೊಡುವುದಿಲ್ಲ. ಆಫ್ರಿಕಾ ಮೂಲದ ದೊಡ್ಡ ಜಿರಲೆ ‘ಪೆರಿಪ್ಲಾನೆಟಾ ಅಮೆರಿಕಾನಾ’ ಆಗಿಯೇ ಉಳಿದಿರುವುದೂ ಇದೇ ಕಾರಣಕ್ಕೆ.

ನನಗೆ ಮನಮುಟ್ಟಿದ ಸಂಗತಿ ಬೇರೆಯದು. ತಾಯಿಬೇರಾದ ಅಸಹಿನೈಗೆ ಹೆಸರು ದೊರೆತದ್ದು 1981ರಲ್ಲಿ, ಜಪಾನಿನ ಓಕಿನಾವಾದ ಮಾದರಿಗಳಿಂದ. ಅಂದರೆ ಮಗುವಿಗೆ ನಾಮಕರಣವಾಗಿ 214 ವರ್ಷಗಳಾದ ಮೇಲೆ ತಾಯಿಗೆ ಆಯಿತು. ನಾಳೆ ಯಾರಾದರೂ ಇವೆರಡೂ ಒಂದೇ ಪ್ರಭೇದವೆಂದು ತೀರ್ಮಾನಿಸಿದರೂ ಮೊದಲು ಬಂದ ಹೆಸರಿಗೇ ಹಕ್ಕಿರುವುದರಿಂದ, ಹೊಲದ ಜಿರಲೆಯೂ ‘ಜರ್ಮನಿಕಾ’ ಆಗುತ್ತದೆ.

ಉತ್ತರ 1

ಒಂದು ಮಾತು ಸೇರಿಸುತ್ತೇನೆ. ಹೊಸ ಚೀಟಿ ಬರೆದ ಮೇಲೆ ಹಳೆಯದನ್ನು ಎಸೆಯಬೇಡಿ. ಅದೇ ಸೂಜಿಗೆ ಹೊಸದರ ಕೆಳಗೆ ಚುಚ್ಚಿಡಿ. ಆ ಮಾದರಿಯನ್ನು ಯಾವ ಕಾಲದಲ್ಲಿ ಯಾವ ಹೆಸರಿನಿಂದ ಗುರುತಿಸಿದ್ದರು ಎಂಬುದಕ್ಕೆ ನಿಮ್ಮ ವಿಭಾಗದಲ್ಲಿ ಉಳಿದಿರುವ ದಾಖಲೆ ಬಹುಶಃ ಅದೊಂದೇ.