ಗೂಗಲ್ ಕ್ಯಾಲೆಂಡರ್‌ನಲ್ಲಿ ಬೇಕಾದ ಹಬ್ಬ ಮಾತ್ರ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ – ಕಾಫಿ ಆಫೀಸು, ಚಿಕ್ಕಮಗಳೂರು

ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸೋ ಘಟಕ) ಆಫೀಸಿನ ಲಾರಿ ಲೋಡಿಂಗ್, ಕೂಲಿ ಬಟವಾಡೆ, ರಜೆ ಎಲ್ಲವೂ ಒಂದೇ ಗೂಗಲ್ ಕ್ಯಾಲೆಂಡರ್‌ನಲ್ಲಿವೆ. ಹೋಳಿ, ಗುಡ್ ಫ್ರೈಡೇ ಅಂಥವು ಕೆಲವರ ಮೊಬೈಲಿನಲ್ಲಿ ಎರಡೆರಡು ಸಲ ಕಾಣ್ತಿವೆ. ಕರ್ವಾ ಚೌತ್, ಛಠ್ ಪೂಜೆ ನಮಗೆ ಬೇಕಿಲ್ಲ, ಆದ್ರೆ ಡಿಲೀಟ್ ಬಟನ್ನೇ ಇಲ್ಲ. ಅರ್ಧ ಆಳುಗಳು ಬರದ ದೇವಿರಮ್ಮನ ಬೆಟ್ಟ ಹತ್ತುವ ದಿನ ಮಾತ್ರ ಎಲ್ಲೂ ಇಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಕೆಲಸಕ್ಕಿದ್ದಾರೆ, ಯಾರ ಹಬ್ಬವೂ ಬಿಟ್ಟುಹೋಗಬಾರದು.

ಉತ್ತರ – ಹಾಸನದಿಂದ

ಮೊದಲು ಎರಡೆರಡು ಸಲ ಬರೋದನ್ನ ನೋಡೋಣ ಸರ್. ಹೋಳಿ ಅಂತಿರೋ ನಮೂದನ್ನು ಒತ್ತಿ ತೆರೆಯಿರಿ. ಅದು ಯಾವ ಕ್ಯಾಲೆಂಡರಿನದು ಅಂತ ಕೆಳಗೆ ಹೆಸರು ಇರುತ್ತೆ. ಇನ್ನೊಂದು ನಮೂದನ್ನೂ ಹಾಗೇ ತೆರೆದು ನೋಡಿ. ಸಾಮಾನ್ಯವಾಗಿ ಒಂದು 'ಹಾಲಿಡೇಸ್ ಇನ್ ಇಂಡಿಯಾ', ಇನ್ನೊಂದು 'ಹಿಂದೂ ಹಾಲಿಡೇಸ್' ಅಥವಾ 'ಕ್ರಿಶ್ಚಿಯನ್ ಹಾಲಿಡೇಸ್' ಆಗಿರುತ್ತೆ. ದೇಶದ ಪಟ್ಟಿ, ಧರ್ಮದ ಪಟ್ಟಿ ಎರಡನ್ನೂ ಹಾಕಿಕೊಂಡ್ರೆ ಒಂದೇ ಹಬ್ಬ ಎರಡು ಕಡೆಯಿಂದ ಬರುತ್ತೆ. ಒಂದೇ ಫೋನಿನಲ್ಲಿ ಎರಡು ಜಿಮೇಲ್ ಇದ್ರೂ ಇದೇ ಕಥೆ.

ಆ್ಯಂಡ್ರಾಯ್ಡ್‌ನಲ್ಲಿ ಎಡಗಡೆ ಮೇಲಿನ ಮೂರು ಗೆರೆ, ಸೆಟ್ಟಿಂಗ್ಸ್, ಹಾಲಿಡೇಸ್. ಅಲ್ಲಿ ದೇಶ, ಧರ್ಮ ಬೇರೆ ಬೇರೆ ಆಯ್ಕೆ ಇವೆ. 'ಪಬ್ಲಿಕ್ ಹಾಲಿಡೇಸ್ ಓನ್ಲಿ' ಅಂತ ಇಟ್ರೆ ಕರ್ವಾ ಚೌತ್ ತರಹದವು ಬಹಳಷ್ಟು ಹೋಗ್ತವೆ. ಐಫೋನಿನ ಸ್ವಂತ ಆ್ಯಪ್ ಆದ್ರೆ ಕೆಳಗಿನ 'ಕ್ಯಾಲೆಂಡರ್ಸ್' ಒತ್ತಿ ಹಾಲಿಡೇಸ್ ಮುಂದಿನ ಟಿಕ್ ತೆಗೀರಿ. ಇದನ್ನು ಒಬ್ಬೊಬ್ಬರ ಅಕೌಂಟಿನಲ್ಲೂ ಮಾಡಬೇಕು. ನಿಮ್ಮದರಲ್ಲಿ ತೆಗೆದ್ರೆ ಬೇರೆಯವರದ್ದು ಹೋಗಲ್ಲ.

ಡಿಲೀಟ್ ಬಟನ್ ಇಲ್ಲದ್ದಕ್ಕೆ ಕಾರಣ, ಅವು ಓದೋಕೆ ಮಾತ್ರ ಕೊಟ್ಟಿರೋ ಪಟ್ಟಿಗಳು. ಒಂದೊಂದೇ ಹಬ್ಬ ಕೀಳೋಕೆ ದಾರಿಯಿಲ್ಲ, ಇಟ್ರೆ ಇಡೀ ಪಟ್ಟಿ, ತೆಗೆದ್ರೆ ಇಡೀ ಪಟ್ಟಿ.

ಉತ್ತರ – ಸಕಲೇಶಪುರದಿಂದ

ಅದಕ್ಕೇ ನನ್ನ ಸಲಹೆ: ಸಿದ್ಧ ಪಟ್ಟಿಗಳನ್ನೆಲ್ಲ ಆಫ್ ಮಾಡಿ, ಆಫೀಸಿನದೇ ಒಂದು 'ರಜೆ–ಹಬ್ಬ' ಕ್ಯಾಲೆಂಡರ್ ಮಾಡ್ಕೊಳ್ಳಿ. ಇದನ್ನು ಕಂಪ್ಯೂಟರ್ ಬ್ರೌಸರಿನಲ್ಲಿ ಮಾಡಿ. 'ಅದರ್ ಕ್ಯಾಲೆಂಡರ್ಸ್' ಪಕ್ಕದ ಪ್ಲಸ್ ಒತ್ತಿ, 'ಕ್ರಿಯೇಟ್ ನ್ಯೂ ಕ್ಯಾಲೆಂಡರ್'. ಆಮೇಲೆ ಎಲ್ಲರಿಗೂ ನೋಡುವ ಹಕ್ಕು ಮಾತ್ರ ಕೊಟ್ಟು ಶೇರ್ ಮಾಡಿ. ತಿದ್ದೋ ಹಕ್ಕು ಇಬ್ಬರಿಗೆ ಸಾಕು.

ದಿನಾಂಕಗಳಿಗೆ ರಾಜ್ಯ ಸರ್ಕಾರದ ಸಾರ್ವತ್ರಿಕ ರಜಾ ಪಟ್ಟಿ, ಪರಿಮಿತ ರಜಾ ಪಟ್ಟಿ ಎರಡನ್ನೂ ಎದುರಿಗಿಟ್ಟುಕೊಳ್ಳಿ. ಒಂದು ಎಚ್ಚರ: ಭಾನುವಾರ ಬೀಳೋ ಹಬ್ಬಗಳು ಮುಖ್ಯ ಪಟ್ಟಿಯಲ್ಲಿ ಇರಲ್ಲ. 2026ರಲ್ಲಿ ರಾಜ್ಯೋತ್ಸವವೂ ನರಕ ಚತುರ್ದಶಿಯೂ ಭಾನುವಾರವೇ. ಭಾನುವಾರ ಲೋಡಿಂಗ್ ಇಡೋರು ಇವನ್ನು ಕೈಯಾರೆ ಸೇರಿಸಬೇಕು. ಕೊಡಗಿಗೆ ಮಾತ್ರ ಅನ್ವಯಿಸೋ ಕೈಲ್ ಮುಹೂರ್ತ, ಹುತ್ತರಿ ನಿಮಗೆ ಬೇಡ.

ಒಂದೊಂದೇ ಟೈಪ್ ಮಾಡೋ ಬದಲು ಸಿಎಸ್‌ವಿ (CSV, ಎಕ್ಸೆಲ್‌ನಂಥ ಆ್ಯಪಿನಲ್ಲಿ ಸೇವ್ ಮಾಡಬಹುದಾದ ಸಾದಾ ಕೋಷ್ಟಕ) ಫೈಲ್ ಮಾಡಿ. ಕಾಲಂ ಮೂರೇ ಸಾಕು: ಸಬ್ಜೆಕ್ಟ್, ಸ್ಟಾರ್ಟ್ ಡೇಟ್, ಆಲ್ ಡೇ ಇವೆಂಟ್. ಈ ತಲೆಬರಹ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಹಬ್ಬದ ಹೆಸರು ಕನ್ನಡದಲ್ಲಿರಲಿ. ಕೊನೇ ಕಾಲಂನಲ್ಲಿ ಇಂಗ್ಲಿಷಿನಲ್ಲೇ 'True' ಅಂತ. ಬಹಳ ಜನ ಎಡವೋದು ದಿನಾಂಕದಲ್ಲಿ, ಯಾಕಂದ್ರೆ ತಿಂಗಳು ಮೊದಲು ಬರಬೇಕು. ನರಕ ಚತುರ್ದಶಿಗೆ 11/08/2026. ನಮ್ಮ ಅಭ್ಯಾಸದಲ್ಲಿ 08/11 ಅಂತ ಬರೆದ್ರೆ ಯಾವ ತಕರಾರೂ ಇಲ್ಲದೆ ಆಗಸ್ಟ್ 11ಕ್ಕೆ ಹೋಗಿ ಕೂರುತ್ತೆ. ಸೇವ್ ಮಾಡುವಾಗ ಕನ್ನಡ ಅಕ್ಷರ ಉಳಿಸೋ ಯುಟಿಎಫ್-8 (UTF-8) ಆಯ್ಕೆ ಆರಿಸಿ, ಇಲ್ಲದಿದ್ರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ.

ಸೆಟ್ಟಿಂಗ್ಸ್‌ನ 'ಇಂಪೋರ್ಟ್' ಪುಟದಲ್ಲಿ ಫೈಲ್ ಕೊಟ್ಟ ಮೇಲೆ, ಯಾವ ಕ್ಯಾಲೆಂಡರಿಗೆ ಅನ್ನೋದನ್ನ ಬದಲಾಯಿಸೋದು ಮರೀಬೇಡಿ. ಮುಖ್ಯ ಕ್ಯಾಲೆಂಡರಿಗೆ ಬಿದ್ರೆ ಒಂದೊಂದೇ ಅಳಿಸಬೇಕು. ಬೇರೆ ಕ್ಯಾಲೆಂಡರ್ ಆದ್ರೆ ಅದನ್ನೇ ಕಿತ್ತು ಹಾಕಿ ಮತ್ತೆ ಮಾಡಬಹುದು.

ಪ್ರಶ್ನೆ ಕೇಳಿದವರು

ಬಹಳ ಉಪಕಾರ ಸರ್. ಒಂದು ಸಲ ಹಾಕಿ 'ಪ್ರತಿ ವರ್ಷ' ಅಂತ ರಿಪೀಟ್ ಇಟ್ಟುಬಿಡಬಹುದಾ?

ಉತ್ತರ – ಬೇಲೂರಿನಿಂದ

ಜನವರಿ 26, ಆಗಸ್ಟ್ 15, ನವೆಂಬರ್ 1, ಕ್ರಿಸ್ಮಸ್ ತರಹ ದಿನಾಂಕ ಬದಲಾಗದವಕ್ಕೆ ಇಡಿ. ಮಿಕ್ಕವಕ್ಕೆ ದಯವಿಟ್ಟು ಬೇಡ. ಯುಗಾದಿ 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19, 2027ರಲ್ಲಿ ಏಪ್ರಿಲ್ 7. ಚಾಂದ್ರಮಾನ ವರ್ಷ ಸುಮಾರು 354 ದಿನ. ಹಾಗಾಗಿ ಹಬ್ಬ ಹನ್ನೊಂದು ದಿನ ಹಿಂದೆ ಸರಿಯುತ್ತೆ, ಅಧಿಕ ಮಾಸ ಬಂದಾಗ ಒಂದೇ ಸಲ ಮುಂದಕ್ಕೆ ಜಿಗಿಯುತ್ತೆ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಗಣೇಶನ ಹಬ್ಬ ಸೆಪ್ಟೆಂಬರ್ 14ಕ್ಕೆ ಹೋಗಿದ್ದು ಅದರಿಂದಲೇ. ರಂಜಾನ್, ಬಕ್ರೀದ್‌ಗೆ ಅಧಿಕ ಮಾಸದ ಲೆಕ್ಕವಿಲ್ಲ, ವರ್ಷವರ್ಷ ಹಿಂದಕ್ಕೇ ಸರಿಯುತ್ತವೆ. ಅವಕ್ಕೆ 'ಚಂದ್ರದರ್ಶನದ ಮೇಲೆ' ಅಂತ ಹೆಸರಿನಲ್ಲೇ ಬರೆದಿಟ್ಟು, ಹಿಂದಿನ–ಮುಂದಿನ ದಿನಗಳಿಗೂ ಲಾರಿ ಕಟ್ಟಬೇಡಿ. ಚಂದ್ರ ಕಂಡ ರಾತ್ರಿಯೇ ದಿನಾಂಕ ತಿದ್ದಿದ್ರೆ ಎಲ್ಲರ ಫೋನಿಗೂ ತಲುಪುತ್ತೆ.

ದೇವಿರಮ್ಮ ನರಕ ಚತುರ್ದಶಿಯ ಜೊತೆ ಬರುತ್ತೆ. ಹಾಸನದ ಆಳುಗಳಿದ್ರೆ ಹಾಸನಾಂಬ ದರ್ಶನವನ್ನೂ ಸೇರಿಸಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆಯೋದು. ಹೆಸರಿನ ಮುಂದೆ 'ರಜೆ' ಅಥವಾ 'ಹಬ್ಬ' ಅಂತ ಹಾಕಿದ್ರೆ ಬಟವಾಡೆ ಬರೆಯೋರಿಗೆ ಗೊಂದಲವಿರಲ್ಲ: 'ರಜೆ – ಯುಗಾದಿ', 'ಹಬ್ಬ – ದೇವಿರಮ್ಮ'.